ಹೃದಯವನ್ನು ತಿಜೋರಿಯಿಂದ ಹೊರತರುವ ಅಭ್ಯಾಸ

ಮನೆ, ನಿವೇಶನ, ಮಕ್ಕಳ ಓದು ಎಲ್ಲವೂ ಒಂದು ಹದಕ್ಕೆ ಬಂದ ಮೇಲೂ ಒಳಗೆ ಏನೋ ಬರಿದಾಗಿದೆ ಎನ್ನುವ ಕ್ರೈಸ್ತ ವಿಶ್ವಾಸಿಗಳು ನಮ್ಮ ಮೈಸೂರಿನಲ್ಲಿ ಕಡಿಮೆಯೇನಿಲ್ಲ. ಭಾನುವಾರದ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ ಸುತ್ತಿ ಬಳಸಿ ಈ ಮಾತು ಬಂದೇ ಬರುತ್ತದೆ. ಅಂಥವರಿಗೆ ನಾನು ಹೇಳುವ ಮೊದಲ ಕೆಲಸ ತುಸು ವಿಚಿತ್ರವಾಗಿ ಕಾಣಬಹುದು. ಒಂದು ಸಂಜೆ ಬೈಬಲಿನ ಪಕ್ಕದಲ್ಲಿ ನಿಮ್ಮ ಪಾಸ್‌ಬುಕ್ಕನ್ನೂ ಫೋನಿನಲ್ಲಿರುವ ಪಾವತಿಗಳ ಪಟ್ಟಿಯನ್ನೂ ಇಟ್ಟುಕೊಂಡು ಕುಳಿತುಕೊಳ್ಳಿ.

ನಿಧಿ ಎಲ್ಲಿದೆಯೋ ಹೃದಯವೂ ಅಲ್ಲೇ ಇರುತ್ತದೆ ಎಂದು ಯೇಸುಸ್ವಾಮಿ ಹೇಳುವುದು ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ. ಇದನ್ನು ನಾವು ಉಪದೇಶವೆಂದು ಕೇಳಿ ತಲೆದೂಗಿ ಸುಮ್ಮನಾಗುತ್ತೇವೆ, ಆದರೆ ಇದು ಲೆಕ್ಕ ಹಾಕಿ ಪರೀಕ್ಷಿಸಬಹುದಾದ ಮಾತು. ಕಳೆದ ಮೂರು ತಿಂಗಳ ಖರ್ಚನ್ನು ನಾಲ್ಕು ಕಾಲಂಗಳಲ್ಲಿ ಬರೆಯಿರಿ. ಊಟ, ಬಾಡಿಗೆ, ಔಷಧಿ, ಶಾಲೆಯ ಶುಲ್ಕದಂಥ ಅಗತ್ಯಗಳು ಮೊದಲನೆಯದರಲ್ಲಿ; ನಾಲ್ಕು ಜನರ ಕಣ್ಣಿಗಾಗಿ ಮಾಡಿದ ಖರ್ಚು ಎರಡನೆಯದರಲ್ಲಿ; ನಾಳೆಯ ಭಯಕ್ಕಾಗಿ ಕೂಡಿಟ್ಟದ್ದು ಮೂರನೆಯದರಲ್ಲಿ; ನಮ್ಮ ಮನೆಯವರಲ್ಲದವರಿಗಾಗಿ ಕೊಟ್ಟದ್ದು ನಾಲ್ಕನೆಯದರಲ್ಲಿ. ನಾನು ಮೊದಲ ಬಾರಿ ಹೀಗೆ ಬರೆದ ವರ್ಷ ಮಗಳು ಬಲಿಪೂಜೆಯ ಪ್ರಸಾದವನ್ನು ಮೊದಲ ಸಲ ಸ್ವೀಕರಿಸುವ ಪ್ರಥಮ ಪರಮಪ್ರಸಾದದ ಊಟವನ್ನು ಕಲ್ಯಾಣಮಂಟಪದಲ್ಲಿ ಸಾಲ ಮಾಡಿ ಹಾಕಿಸಿದ್ದೆ. ಅದನ್ನು ಮೊದಲನೆಯ ಕಾಲಂನಲ್ಲಿ ಬರೆದು, ಒಂದು ಗಳಿಗೆ ನೋಡಿ, ಹೊಡೆದುಹಾಕಿ ಎರಡನೆಯದಕ್ಕೆ ಸಾಗಿಸಬೇಕಾಯಿತು. ನಾಲ್ಕನೆಯ ಕಾಲಂನ ಮೊತ್ತ ಆ ತಿಂಗಳ ಮೊಬೈಲ್ ರೀಚಾರ್ಜಿಗಿಂತ ಕಡಿಮೆಯಿತ್ತು. ಪಾಪನಿವೇದನೆಗೆ ಹೋಗುವಾಗ ಬಹಳ ವರ್ಷಗಳಿಂದ ಒಂದೇ ಪಾಠ ಒಪ್ಪಿಸುತ್ತಿದ್ದ ನನಗೆ ಅಂದು ಹೊಸದಾಗಿ ಹೇಳಲು ಏನೋ ಸಿಕ್ಕಿತ್ತು.

ಕೆ.ಆರ್. ನಗರದ ಬಳಿಯ ದೋರನಹಳ್ಳಿಗೆ ಪ್ರತಿ ವರ್ಷ ಜೂನ್ 13ರ ಹಬ್ಬಕ್ಕೆ ಜಾತಿ ಮತ ಎನ್ನದೆ ಜನ ಸೇರುತ್ತಾರೆ. ರೈತನೊಬ್ಬ ಹೊಲ ಉಳುವಾಗ ಸಂತ ಅಂತೋಣಿಯ ವಿಗ್ರಹ ಸಿಕ್ಕಿತೆಂಬ ಐತಿಹ್ಯವಿರುವ ಸ್ಥಳವದು. ಅಲ್ಲಿ ನಾವೆಲ್ಲ ಕೇಳುವುದು ಕಳೆದುಹೋದ ವಸ್ತುವನ್ನು, ಕೆಲಸವನ್ನು, ಸಂತಾನವನ್ನು, ಕೋರ್ಟಿನಲ್ಲಿರುವ ಜಮೀನನ್ನು. ಕೇಳುವುದು ತಪ್ಪಲ್ಲ, ನಾನೂ ಕೇಳಿದ್ದೇನೆ. ಆದರೆ ನಾವು ಕೈಮುಗಿಯುವ ಆ ಸಂತ 1195ರಲ್ಲಿ ಲಿಸ್ಬನ್ನಿನ ಸಿರಿವಂತ ಮನೆತನದಲ್ಲಿ ಹುಟ್ಟಿ, ಅದನ್ನೆಲ್ಲ ಬಿಟ್ಟು ಸಂತ ಫ್ರಾನ್ಸಿಸನ ಬಡ ಸನ್ಯಾಸಿಗಳ ಜೊತೆ ಸೇರಿ, 1231ರಲ್ಲಿ ತೀರಿಕೊಂಡವನು ಎಂಬುದು ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಮರೆತುಹೋಗುತ್ತದೆ. ಅವನ ಬಗ್ಗೆ ಇಟಲಿಯಲ್ಲಿ ಒಂದು ಕಥೆಯಿದೆ. ಜಿಪುಣ ಶ್ರೀಮಂತನೊಬ್ಬನ ಶವಸಂಸ್ಕಾರದಲ್ಲಿ ಬೋಧಿಸುತ್ತ ಅಂತೋಣಿ, ಈತನ ಹೃದಯ ಈತನ ದೇಹದಲ್ಲಿಲ್ಲ, ಹೋಗಿ ತಿಜೋರಿಯಲ್ಲಿ ನೋಡಿ ಎಂದನಂತೆ. ನೋಡಿದರೆ ನಾಣ್ಯಗಳ ನಡುವೆ ಹೃದಯ ಇತ್ತಂತೆ. ಶಿಲ್ಪಿ ದೊನಾತೆಲ್ಲೊ ಈ ಪ್ರಸಂಗವನ್ನು ಪಾದುವಾದ ಸಂತ ಅಂತೋಣಿಯ ದೇವಾಲಯಕ್ಕಾಗಿ ಕಂಚಿನಲ್ಲಿ ಮೂಡಿಸಿದ್ದಾನೆ. ಮುಂದಿನ ಬಾರಿ ದೋರನಹಳ್ಳಿಗೆ ಹೋದಾಗ ಒಂದು ಸಲವಾದರೂ ಏನನ್ನೂ ಕೇಳದೆ, ನನ್ನ ತಿಜೋರಿಯಲ್ಲಿ ಏನಿದೆ ಎಂದಷ್ಟೇ ಯೋಚಿಸುತ್ತ ಕುಳಿತು ಬನ್ನಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಲದಲ್ಲಿ ಮುಳುಗಿರುವ ಮಂಡ್ಯದ ರೈತನಿಗೆ, ತಿಂಗಳ ಕೊನೆಗೆ ರೇಷನ್ ಅಕ್ಕಿಯನ್ನೇ ನಂಬಿರುವವಳಿಗೆ ತೃಪ್ತಿಯಿಂದಿರು ಎಂದು ಬೋಧಿಸುವುದು ಭಕ್ತಿಯಲ್ಲ, ನಿರ್ದಯೆ. ಬೈಬಲ್ ಬಡತನವನ್ನು ಹಾಡಿ ಹೊಗಳುವುದಿಲ್ಲ. ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ ಎಂಬ ಪ್ರಾರ್ಥನೆ ಜ್ಞಾನೋಕ್ತಿಗಳ 30ನೆಯ ಅಧ್ಯಾಯದಲ್ಲಿದೆ. ಹಾಗೆಯೇ ಕಾಣಿಕೆ ಹಾಕಿದರೆ ದೇವರು ನೂರ್ಮಡಿ ಮಾಡಿ ಕೊಡುತ್ತಾನೆಂದು ಮೈಕಿನಲ್ಲಿ ಕೂಗುವ ಬೋಧನೆಯಿಂದಲೂ ದೂರವಿರಿ. ಅದು ಬಡ್ಡಿ ವ್ಯವಹಾರ, ಸಾಲಗಾರನ ಜಾಗದಲ್ಲಿ ದೇವರನ್ನು ನಿಲ್ಲಿಸಿದ್ದಷ್ಟೇ ವ್ಯತ್ಯಾಸ.

ಲೆಕ್ಕ ಬರೆದಾದ ಮೇಲೆ ಓದಿಗೆ ಬನ್ನಿ. ಇಡೀ ಬೈಬಲನ್ನು ಓದಿ ಮುಗಿಸುವ ಉತ್ಸಾಹ ಬೇಡ. ಎರಡೇ ಭಾಗಗಳನ್ನು ಒಂದು ತಿಂಗಳು, ದಿನಕ್ಕೊಮ್ಮೆ, ತುಟಿ ಅಲುಗುವಂತೆ ಮೆಲ್ಲಗೆ ಓದಿದರೆ ಸಾಕು. ಒಂದು ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯದ ಶ್ರೀಮಂತನ ಪ್ರಸಂಗ. ಅವನು ಚಿಕ್ಕಂದಿನಿಂದ ಆಜ್ಞೆಗಳನ್ನೆಲ್ಲ ಪಾಲಿಸಿದವನು, ಯೇಸು ಅವನನ್ನು ಪ್ರೀತಿಯಿಂದ ನೋಡಿದರೆಂದು ಮಾರ್ಕ ಬರೆಯುತ್ತಾನೆ. ಆದರೂ ಆಸ್ತಿ ಮಾರಿ ಬಡವರಿಗೆ ಕೊಡು ಎಂದಾಗ ಮುಖ ಬಾಡಿಸಿಕೊಂಡು ಹೊರಟುಹೋದ. ನವಕೋಟಿ ನಾರಾಯಣ ಎನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕ ಎಲ್ಲವನ್ನೂ ಬಿಟ್ಟು ಪುರಂದರದಾಸನಾದ ಕಥೆಯನ್ನು ಬಾಲ್ಯದಿಂದ ಕೇಳಿರುವ ನಮಗೆ, ಹೊರಟು ಹಿಂದಿರುಗಿದವನ ಈ ಕಥೆ ಇನ್ನಷ್ಟು ಚುಚ್ಚುತ್ತದೆ. ಎರಡನೆಯದು ಲೂಕನ 19ನೆಯ ಅಧ್ಯಾಯದಲ್ಲಿ ಬರುವ ಸುಂಕವಸೂಲಿಯ ಜಕ್ಕಾಯನ ಪ್ರಸಂಗ. ಇಲ್ಲಿ ಯೇಸು ಹಣದ ಮಾತನ್ನೇ ಎತ್ತುವುದಿಲ್ಲ. ನಿನ್ನ ಮನೆಗೆ ಬರುತ್ತೇನೆ ಎನ್ನುತ್ತಾರೆ ಅಷ್ಟೆ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದು ಜಕ್ಕಾಯ ತಾನಾಗಿಯೇ ಹೇಳುತ್ತಾನೆ. ಅತಿಥಿ ಬಂದ ಸಂತೋಷ ಮೊದಲು, ಕೈ ಬಿಚ್ಚಿದ್ದು ಆಮೇಲೆ. ಮೊದಲನೆಯವನು ಕೊಡಲಾರದೆ ಹೋದದ್ದೇಕೆ ಎಂಬ ಪ್ರಶ್ನೆಗೆ ಎರಡನೆಯವನ ಮನೆಯೊಳಗೆ ಉತ್ತರ ಹುಡುಕಬೇಕೆಂದು ನನ್ನ ಅಭಿಪ್ರಾಯ.

ಜಕ್ಕಾಯನ ಮಾತಿನ ಎರಡನೆಯ ಭಾಗವನ್ನು ಹಗುರವಾಗಿ ದಾಟಬೇಡಿ. ದಾನಕ್ಕೆ ಕೈಹಾಕುವ ಮೊದಲು ಬಾಕಿ ತೀರಿಸಬೇಕು. ಮನೆಗೆಲಸದಾಕೆಗೆ ಎರಡು ತಿಂಗಳ ಸಂಬಳ ನಿಲ್ಲಿಸಿ, ಕಬ್ಬು ಕಡಿದವರ ಕೂಲಿಯನ್ನು ಕಾರ್ಖಾನೆಯ ದುಡ್ಡು ಬರಲಿ ಎಂದು ಮುಂದೂಡಿ, ಚರ್ಚಿನ ಬೆಂಚಿನ ಬೆನ್ನಿಗೆ ಹೆಸರು ಕೆತ್ತಿಸಿದರೆ ಏನು ಬಂತು? ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಕೋಬನ ಪತ್ರದ 5ನೆಯ ಅಧ್ಯಾಯದಲ್ಲಿದೆ. ನಾಲೆ ಬಯಲಿನ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಮೌನಕ್ಕೆ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗುವುದಾದರೆ ಪ್ರವಾಸಿಗರ ಕ್ಯಾಮೆರಾಗಳು ಬರುವ ಮುನ್ನ, ವಾರದ ದಿನದ ಬೆಳಗಿನ ಹೊತ್ತು ಒಳ್ಳೆಯದು. 175 ಅಡಿ ಎತ್ತರದ ಆ ಜೋಡಿ ಗೋಪುರಗಳ ಕೆಳಗೆ ಕುಳಿತಾಗ ನನಗೆ ಪ್ರತಿ ಸಲ ಹೊಳೆಯುವುದೆಂದರೆ, 1933ರಲ್ಲಿ ಇದಕ್ಕೆ ಶಂಕುಸ್ಥಾಪನೆ ಮಾಡಿದ ನಾಲ್ವಡಿ ಕೃಷ್ಣರಾಜ ಒಡೆಯರು ಕ್ರೈಸ್ತರಲ್ಲ, ಇದನ್ನು ಕಟ್ಟಿದ್ದೂ ಹಣದಿಂದಲೇ. ಹಣ ಕೈಯಿಂದ ಬಿಟ್ಟು ಹೋದರೆ ಹೀಗೆ ಬೇರೆಯವರು ಬಂದು ಕುಳಿತುಕೊಳ್ಳುವ ಜಾಗವಾಗಬಲ್ಲದು. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಆತ್ಮಶೋಧನೆಯನ್ನು ಮಾಡಿ: ದಿನಕ್ಕಾಗಿ ವಂದನೆ, ದಿನದ ಘಟನೆಗಳ ಮೇಲೆ ಒಮ್ಮೆ ಕಣ್ಣಾಡಿಸುವುದು, ತಪ್ಪಿಗೆ ಕ್ಷಮೆ, ನಾಳೆಗೊಂದು ನಿರ್ಧಾರ. ಅದರೊಳಗೆ ಒಂದು ಪ್ರಶ್ನೆ ಸೇರಿಸಿಕೊಳ್ಳಿ: ಇವತ್ತು ಯಾರ ಬಳಿ ಇರುವುದನ್ನು ಕಂಡು ನನ್ನ ಹೊಟ್ಟೆ ಉರಿಯಿತು?

ಇನ್ನು ಕೊಡುವುದರ ವಿಚಾರ. ಮೈಸೂರಿನ ವೆಸ್ಲಿ ಕೆಥೆಡ್ರಲ್ ಯಾರ ಹೆಸರನ್ನು ಹೊತ್ತಿದೆಯೋ ಆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತನ್ನ ಬೋಧನೆಯೊಂದರಲ್ಲಿ ಆಕ್ಸ್‌ಫರ್ಡಿನ ಸಂಗಡಿಗನೊಬ್ಬನ ಲೆಕ್ಕ ಕೊಡುತ್ತಾನೆ. ಅದು ವೆಸ್ಲಿಯದೇ ಲೆಕ್ಕವೆಂದು ಓದುವವರು ಬಹಳ ಮಂದಿ. ವರ್ಷದ ವರಮಾನ 30 ಪೌಂಡ್ ಇದ್ದಾಗ ಆತ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದ. ಮರುವರ್ಷ ವರಮಾನ 60 ಆಯಿತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಅಕ್ಷರಶಃ ಅನುಸರಿಸಲು ನಮ್ಮಂಥ ಸಂಸಾರಿಗಳಿಗೆ ಆಗದು, ಇಂದಿನ ಬೆಲೆ ಏರಿಕೆಯೂ ಬಿಡುವುದಿಲ್ಲ. ಆದರೆ ಇದರ ಒಳಗಿರುವ ಉಪಾಯ ಎಲ್ಲರಿಗೂ ಬರುತ್ತದೆ: ಸಂಬಳ ಏರಿದಾಗ ಖರ್ಚು ತಾನಾಗಿಯೇ ಏರದಂತೆ ಒಂದು ಗೆರೆ ಎಳೆದುಕೊಳ್ಳುವುದು. ಬಡ್ತಿಯೋ ತುಟ್ಟಿಭತ್ಯೆಯೋ ಬಂದ ತಿಂಗಳೇ, ಆ ಹೆಚ್ಚುವರಿಯ ರುಚಿ ಮನೆಗೆ ಹತ್ತುವ ಮುನ್ನ, ಅದರಲ್ಲಿ ಯಾವ ಪಾಲು ಬೇರೆಯವರದೆಂದು ಗಂಡ ಹೆಂಡತಿ ಕೂತು ತೀರ್ಮಾನಿಸಿಬಿಡಿ. ಆರು ತಿಂಗಳು ಕಳೆದರೆ ಅದು ಅಗತ್ಯಗಳ ಕಾಲಂಗೆ ಹೋಗಿ ಕುಳಿತಿರುತ್ತದೆ, ಎಬ್ಬಿಸಲಾಗದು.

ನಗದಿಗಿಂತ ಆಳವಾಗಿ ಮನಸ್ಸನ್ನು ತಿದ್ದುವುದು ಹಿಡಿ ಅಕ್ಕಿ. ನಮ್ಮ ತಾಯಿ ದಿನಕ್ಕೆರಡು ಹೊತ್ತು ಇದನ್ನು ಮಾಡುತ್ತಿದ್ದರು. ಮನೆಮಂದಿಗೆ ಬೇಕಾದ ಅಕ್ಕಿಯನ್ನು ಪಾವಿನಲ್ಲಿ ಅಳೆದು ಮೊರಕ್ಕೆ ಸುರಿದು, ಕಲ್ಲು ಆರಿಸಿ, ಪಾತ್ರೆಗೆ ಹಾಕುವ ಮುನ್ನ ಅದರಿಂದಲೇ ಒಂದು ಹಿಡಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡು ಬಾಗಿಲ ಹಿಂದಿನ ಡಬ್ಬಿಗೆ ಹಾಕುತ್ತಿದ್ದರು. ಮೂಟೆಯಲ್ಲಿ ಇಷ್ಟೊಂದು ಇದೆಯಲ್ಲ, ಅದರಿಂದ ತೆಗೆಯಬಾರದೇ ಎಂದು ಒಮ್ಮೆ ಕೇಳಿದ್ದೆ. "ಮೂಟೆಯಿಂದ ತೆಗೆದರೆ ಮೂಟೆ ಕೊಟ್ಟ ಹಾಗಾಯ್ತು ಕಣೋ, ನಾವೆಲ್ಲಿ ಕೊಟ್ಟ ಹಾಗಾಯ್ತು?" ಎಂದಿದ್ದರು. ದೇವಾಲಯದಲ್ಲಿ ಎರಡು ಕಾಸು ಹಾಕಿದ ವಿಧವೆಯ ಪ್ರಸಂಗವನ್ನು ಮಾರ್ಕನ 12ನೆಯ ಅಧ್ಯಾಯದಲ್ಲಿ ಓದುವಾಗಲೆಲ್ಲ ನನಗೆ ಆ ಮೊರ ನೆನಪಾಗುತ್ತದೆ. ಉಳಿದವರು ಮಿಗುತಾಯದಿಂದ ಹಾಕಿದರು, ಆಕೆ ತನ್ನ ಊಟದಿಂದ ಹಾಕಿದಳು. ಒಂದು ಹಿಡಿ ಸುಮಾರು 40 ಗ್ರಾಂ ಎಂದಿಟ್ಟುಕೊಂಡರೂ ದಿನಕ್ಕೆರಡು ಹಿಡಿಯಂತೆ ತಿಂಗಳಿಗೆ ಹತ್ತಿರ ಹತ್ತಿರ ಎರಡೂವರೆ ಕಿಲೋ ಆಗುತ್ತದೆ. ಮುದ್ದೆಯ ಮನೆಯವರು ರಾಗಿ ಹಿಟ್ಟಿನಲ್ಲೂ ಇದನ್ನೇ ಮಾಡಬಹುದು.

ಆರಂಭಿಸಲು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕಿಂತ ಒಳ್ಳೆಯ ಸಮಯವಿಲ್ಲ. ಅದು ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಇಡುವಾಗ ಮಣ್ಣಿನಿಂದ ಬಂದವನು ಮಣ್ಣಿಗೇ ಸೇರುವೆ ಎಂದು ಗುರುಗಳು ಹೇಳುವ ಮಾತು ಬ್ಯಾಂಕಿನ ಲೆಕ್ಕದ ಮೇಲೂ ಅಷ್ಟೇ ನಿಚ್ಚಳವಾಗಿ ಬೀಳುತ್ತದೆ. ಮೊದಲ ಕೆಲವು ವಾರ ಆನಂದವೇನೂ ಉಕ್ಕುವುದಿಲ್ಲ. ಬದಲಿಗೆ ಮಗನ ಓದಿಗೆ ಸಾಲದೇ ಹೋದರೆ, ಆಸ್ಪತ್ರೆ ಖರ್ಚು ಬಂದರೆ ಎಂಬ ದಿಗಿಲು ಹೆಚ್ಚುತ್ತದೆ. ಇದು ಸಹಜ. ವಿಮೆ ಮಾಡಿಸಬೇಡಿ, ಉಳಿತಾಯ ಬೇಡ ಎಂದು ವಿಶ್ವಾಸ ಎಲ್ಲೂ ಹೇಳುವುದಿಲ್ಲ. ಆದರೆ ದಿಗಿಲು ಹುಟ್ಟಿದಾಗ ಒಬ್ಬರೇ ಅನುಭವಿಸದೆ, ನಿಮ್ಮ ಧರ್ಮಕೇಂದ್ರದ ವಿನ್ಸೆಂಟ್ ದೆ ಪೌಲ್ ಸಭೆಯಂಥ ಒಂದು ಗುಂಪಿನಲ್ಲಿ ಸೇರಿಕೊಳ್ಳಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಗೆಳೆಯರೊಂದಿಗೆ ಕಟ್ಟಿದ ಈ ಸಭೆಯ ಕ್ರಮವೇ ಬಡವರ ಮನೆಗೆ ಸ್ವತಃ ಹೋಗಿ ಕುಳಿತು ಮಾತನಾಡುವುದು. ಅಂಥ ಒಂದು ಮನೆಯ ಹೊಸ್ತಿಲಲ್ಲಿ ಚಾಪೆಯ ಮೇಲೆ ಕುಳಿತು ಅವರು ಕೊಟ್ಟ ಟೀ ಕುಡಿಯುವಾಗ, ನಾನು ಕೊಡಲು ಬಂದವನು ಎಂಬ ಬಿಗುಮಾನ ಲೋಟ ಖಾಲಿಯಾಗುವುದರೊಳಗೆ ಸಡಿಲವಾಗುತ್ತದೆ.

ಡಬ್ಬಿ ತುಂಬಿದ ಕೂಡಲೇ ನೀವೇ ಹೊತ್ತುಕೊಂಡು ಹೋಗಿ ಕೊಡಿ; ಡ್ರೈವರ್ ಕೈಯಲ್ಲೋ ಆಟೋದಲ್ಲೋ ಕಳಿಸಬೇಡಿ. ಇನ್ನೊಂದಿಷ್ಟು ಸೇರಲಿ, ಹಬ್ಬಕ್ಕೆ ಒಟ್ಟಿಗೆ ಕೊಡೋಣ ಎಂದು ಕಾಯುವುದೂ ಬೇಡ. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಅಂದಂದಿಗೆ ಕೊಟ್ಟ ಆಹಾರವಾದ ಮನ್ನವನ್ನು ಮರುದಿನಕ್ಕೆಂದು ಉಳಿಸಿಕೊಂಡಾಗ ಅದರಲ್ಲಿ ಹುಳ ಬಿದ್ದುದನ್ನು ವಿಮೋಚನಾಕಾಂಡದ 16ನೆಯ ಅಧ್ಯಾಯ ಹೇಳುತ್ತದೆ. ಅಕ್ಕಿ ಅದಕ್ಕಿಂತ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ, ಆದರೆ ಮಳೆಗಾಲದಲ್ಲಿ ನುಸಿ ಹಿಡಿಯದೆ ಬಿಡುವುದಿಲ್ಲ. ಖಾಲಿ ಡಬ್ಬಿಯನ್ನು ತೊಳೆದು, ಒಂದು ಬಿಸಿಲು ಚೆನ್ನಾಗಿ ಒಣಗಿಸಿ, ತಳಕ್ಕೆ ನಾಲ್ಕು ಬೇವಿನೆಲೆ ಹಾಕಿ ಮತ್ತೆ ಬಾಗಿಲ ಹಿಂದೆ ಇಡಿ.