ಬೋರ್ಡೋ ದ್ರಾವಣದ ಪಿಎಚ್ ನೋಡುವುದು ಹೇಗೆ?

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಬೆಳೆಗಾರರಿಗೆಲ್ಲ ಬಾಯಿಪಾಠ. ಇದರಲ್ಲಿ ತುತ್ತದ ತೂಕವನ್ನು ನಂಬಬಹುದು, ಸುಣ್ಣದ್ದನ್ನು ನಂಬುವಂತಿಲ್ಲ. ಸುಣ್ಣ ಶುದ್ಧವಾಗಿದ್ದರೆ 1 ಕಿಲೋ ತುತ್ತಕ್ಕೆ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಗಾಳಿಗೆ ತೆರೆದಿಟ್ಟ ಹಳೇ ಸುಣ್ಣವಾದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಟ್ಟಿರುತ್ತದೆ. ಕಿಲೋ ಪೂರ್ತಿ ಸುರಿದರೂ ದ್ರಾವಣ ಹುಳಿಯಾಗೇ ಉಳಿಯಬಹುದು. ಆಗ ಕರಗಿದ ತಾಮ್ರ ಎಳೆ ಕಾಯನ್ನು ಸುಡುತ್ತದೆ. ಸುಣ್ಣ ವಿಪರೀತವಾದರೆ ನಾಜಲ್ ಕಟ್ಟುತ್ತದೆ, ತಾಮ್ರ ಕೆಲಸಕ್ಕೆ ಬರುವುದೂ ನಿಧಾನ. ಪಿಎಚ್ ಎಂದರೆ ಹುಳಿ-ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅದನ್ನು 7ರಿಂದ 8ರೊಳಗೆ ನಿಲ್ಲಿಸಿ.

ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ಕೆಲವು ನಿಮಿಷ ಅದ್ದಿ ನೋಡುವುದು ಹಳೆಯ ಪದ್ಧತಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಕರಗಿದ ತಾಮ್ರ ಉಳಿದಿದೆ, ಸುಣ್ಣ ಸಾಲದು. ಆದರೆ ಚೂರಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ: ಪಿಎಚ್ 8 ಇದ್ದರೂ 12 ಇದ್ದರೂ ಅಲಗು ಒಂದೇ ರೀತಿ ಬೆಳ್ಳಗಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಚೂರಿಯಂತೂ ಈ ಪರೀಕ್ಷೆಗೆ ಬೇಡ.

ಪಿಎಚ್ ಪೇಪರ್ ಕೊಳ್ಳುವಾಗ 1–14ರದ್ದರ ಬದಲು 6–8ರ ಆಸುಪಾಸಿನ ಕಿರು ಶ್ರೇಣಿಯದ್ದು ಕೇಳಿ. ದ್ರಾವಣದ ನೀಲಿ ಕಣ ಕಾಗದಕ್ಕೆ ಅಂಟಿಕೊಂಡರೆ ಬಣ್ಣ ಓದಲಾಗದು. ಒಂದು ಗಾಜಿನ ಲೋಟದಲ್ಲಿ ತೆಗೆದಿಟ್ಟು, ಮಡ್ಡಿ ಕೂತ ಮೇಲೆ ಮೇಲಿನ ತಿಳಿಗೆ ಕಾಗದ ಅದ್ದಿ, ಪೊಟ್ಟಣದಲ್ಲಿ ಹೇಳಿದ ಸಮಯದೊಳಗೆ ಓದಿ. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ.

ಮೀಟರ್ ಇದ್ದರೆ ಆ ದಿನ ಬೆಳಿಗ್ಗೆಯೇ ಪಿಎಚ್ 7 ಮತ್ತು 9.18ರ ಬಫರ್‌ಗಳಲ್ಲಿ (ಪಿಎಚ್ ನಿಗದಿಯಾಗಿರುವ ದ್ರಾವಣಗಳು) ಸರಿಹೊಂದಿಸಿ. ಎಲೆಕ್ಟ್ರೋಡನ್ನು (ದ್ರಾವಣಕ್ಕೆ ಅದ್ದುವ, ಗಾಜಿನ ತುದಿಯ ಕಡ್ಡಿ) ಪ್ರತಿ ಸಲವೂ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಬಟ್ಟೆಯಿಂದ ತಿಕ್ಕದೆ ಟಿಶ್ಯೂ ತಾಗಿಸಿ ನೀರು ತೆಗೆಯಿರಿ. ಅಂಕಿ ನಿಲ್ಲದೆ ಜಾರುತ್ತಿದ್ದರೆ ಗಾಜಿನ ತುದಿಗೆ ಸುಣ್ಣ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ವಿನೆಗರ್‌ನಲ್ಲಿ ಕೆಲವು ನಿಮಿಷ ನೆನೆಸಿ, ತೊಳೆದು, ಮತ್ತೆ ಬಫರ್‌ನಲ್ಲಿ ನೋಡಿ. ಎತ್ತಿಡುವಾಗ ತುದಿ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿರಲಿ. ಡಿಸ್ಟಿಲ್ಡ್ ವಾಟರ್‌ನಲ್ಲಿಟ್ಟರೆ ಎಲೆಕ್ಟ್ರೋಡ್ ಹಾಳು.

ಡ್ರಮ್ಮಿಗೆ ಕೈಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ತುತ್ತ 1 ಕಿಲೋವನ್ನು 50 ಲೀಟರ್‌ನಲ್ಲಿ, ಸುಣ್ಣ 1 ಕಿಲೋವನ್ನು ಇನ್ನೊಂದು 50 ಲೀಟರ್‌ನಲ್ಲಿ ಪ್ಲಾಸ್ಟಿಕ್ ಡ್ರಮ್‌ಗಳಲ್ಲೇ ಕರಗಿಸಿ, ಸುಣ್ಣದ ನೀರನ್ನು ಸೋಸಿ. 1 ಲೀಟರ್ ತುತ್ತದ ನೀರಿಗೆ, ಚೆನ್ನಾಗಿ ಕಲಕಿದ ಸುಣ್ಣದ ನೀರನ್ನು 50 ಮಿಲಿಯಂತೆ ಸೇರಿಸುತ್ತ, ಪ್ರತಿ ಸಲ ಕಲಕಿ ಐದು ನಿಮಿಷ ಬಿಟ್ಟು ಪಿಎಚ್ ನೋಡಿ. 600 ಮಿಲಿಗೆ 7 ದಾಟಿತೆನ್ನಿ. ಉಳಿದ 49 ಲೀಟರ್‌ಗೆ ಬೇಕಾದದ್ದು ಸುಮಾರು 29.4 ಲೀಟರ್. ಅಷ್ಟನ್ನು ಮೂರನೇ ಡ್ರಮ್ಮಿಗೆ ಹಾಕಿ, ಮುಂದೆ ಸುರಿಯುವ ತುತ್ತದ ನೀರೂ ಸೇರಿ ಒಟ್ಟು 98 ಲೀಟರ್ ಆಗಲು ಬೇಕಾದಷ್ಟು ನೀರು ಬೆರೆಸಿ, ತುತ್ತದ ನೀರನ್ನು ಕಲಕುತ್ತ ನಿಧಾನ ಸುರಿಯಿರಿ. 2 ಲೀಟರ್ ತುತ್ತದ ನೀರು ಕೊನೆಗೆ ಉಳಿದಿರಲಿ: ಪಿಎಚ್ ಮೇಲೇರಿದ್ದರೆ ಅದರಿಂದಲೇ ಇಳಿಸಬಹುದು. ಕೆಳಗಿದ್ದರೆ ಸುಣ್ಣದ ನೀರು ಸೇರಿಸಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಸುಣ್ಣದ ಕಣ ಕರಗುತ್ತಾ ಅಂಕಿ ಏರುವುದುಂಟು. ಮಾಡಿದ ದ್ರಾವಣವನ್ನು ಅಂದೇ ಹೊಡೆದು ಮುಗಿಸಿ.