ಇಲೋಕೋಸ್ ನೋರ್ತೆ: ಭೂಕಂಪಕ್ಕೆ ಹೆದರಿ ಕಟ್ಟಿದ ಗೋಡೆಗಳು

ಫಿಲಿಪ್ಪೀನ್ಸ್‌ನ ಇಲೋಕೋಸ್ ನೋರ್ತೆ ಸುತ್ತಲು ನಾನು ಲವಾಗ್ ನಗರದಲ್ಲಿ ರೂಮು ಮಾಡಿದ್ದೆ. ಮನಿಲಾದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು. ಲುಝೋನ್ ದ್ವೀಪದ ವಾಯವ್ಯ ಮೂಲೆಯ ಪ್ರಾಂತ್ಯ ಇದು. ನಮ್ಮ ಕರಾವಳಿಯ ಹಾಗೇ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಬೆಟ್ಟ. ಮುಖ್ಯ ಊರುಗಳು ಹೆದ್ದಾರಿಯ ಆಸುಪಾಸಲ್ಲೇ ಇವೆ. ಬಸ್ಸು, ಜೀಪ್ನಿ (ಉದ್ದ ಜೀಪಿನಂಥ ಬಸ್ಸು), ಟ್ರೈಸಿಕಲ್‌ನಲ್ಲೇ (ಬೈಕಿನ ಪಕ್ಕಕ್ಕೆ ಗಾಡಿ ಜೋಡಿಸಿದ ಬಾಡಿಗೆ ವಾಹನ) ಎಲ್ಲ ಓಡಾಡಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ನಾನು ಹೋಗಿದ್ದು ಫೆಬ್ರವರಿಯಲ್ಲಿ.

ನನಗೆ ಬೇಕಿದ್ದದ್ದು ಸ್ಪ್ಯಾನಿಷರ ಕಾಲದ ಚರ್ಚುಗಳು. ಭೂಮಿ ನಡುಗುವ ನಾಡಲ್ಲಿ ಕಲ್ಲಿನ ಕಟ್ಟಡ ಹೇಗೆ ನಿಲ್ಲಿಸಿದರು ಅನ್ನೋ ಕುತೂಹಲ. ಲವಾಗ್‌ನಲ್ಲೇ ಶುರು ಮಾಡಿದೆ. ಅಲ್ಲಿನ ಗಂಟೆ ಗೋಪುರ ಮರಳು ನೆಲದಲ್ಲಿ ಕುಸಿಯುತ್ತಾ ಬಂದು, ಬಾಗಿಲು ಈಗ ತಲೆ ಬಗ್ಗಿಸಬೇಕಾದಷ್ಟು ಗಿಡ್ಡ ಆಗಿದೆ.

ಆದರೆ ಜಾಸ್ತಿ ಹೊತ್ತು ಕಳೆದದ್ದು ಪಾವಾಯ್‌ನಲ್ಲಿ. 1694ರಲ್ಲಿ ಶುರುವಾಗಿ 1710ರಲ್ಲಿ ಮುಗಿದ ಚರ್ಚು. 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬಂದವರೆಲ್ಲ ಎದುರಿಂದ ಫೋಟೋ ತೆಗೆದು ಹೊರಡ್ತಾರೆ. ನೀವು ಪಕ್ಕಕ್ಕೆ ಹೋಗಿ. ಗೋಡೆಗೆ ಒತ್ತಾಸೆಯಾಗಿ 24 ದಪ್ಪ ಆನಿಕೆಗಳಿವೆ, ಒಂದೊಂದೂ ಒಂದೂವರೆ ಮೀಟರಿಗಿಂತ ದಪ್ಪ. ಕೆಲವು ಮೆಟ್ಟಿಲಿನಂತಿವೆ, ಅವುಗಳ ಮೇಲೆ ಹತ್ತಿ ಮಾಡಿನವರೆಗೆ ಹೋಗುತ್ತಿದ್ದರಂತೆ. ಗೋಡೆಯ ಕೆಳಭಾಗ ದೊಡ್ಡ ದೊಡ್ಡ ಹವಳದ ಕಲ್ಲು, ಮೇಲೆ ಇಟ್ಟಿಗೆ. ಹತ್ತಿರ ನಿಂತರೆ ಕಲ್ಲಿನ ತುಂಬಾ ಸಣ್ಣ ಸಣ್ಣ ತೂತು, ಬಿರುಕಿನಲ್ಲಿ ಹುಲ್ಲು. ಕಡಲಿಂದ ಎತ್ತಿದ್ದು ಅಂತ ಕೈಗೇ ಗೊತ್ತಾಗುತ್ತೆ. ಗಂಟೆ ಗೋಪುರವನ್ನು ದೂರದಲ್ಲಿ ಬೇರೆಯಾಗಿ ಕಟ್ಟಿದ್ದಾರೆ, ಬಿದ್ದರೂ ಚರ್ಚಿನ ಮೇಲೆ ಬೀಳಬಾರದಲ್ವಾ! ಸ್ಪ್ಯಾನಿಷರ ವಿರುದ್ಧ ಎದ್ದ ಕಾತಿಪುನಾನ್ ಎಂಬ ಗುಪ್ತ ಸಂಘಟನೆಯ ಹೋರಾಟಗಾರರು ಇದೇ ಗೋಪುರ ಹತ್ತಿ ಕಾವಲು ಕಾದಿದ್ದರು. ಅದರ ಬುಡದಲ್ಲಿ ನಿಂತಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

ಪಕ್ಕದ ಬಾತಾಕ್‌ನಲ್ಲಿ ಎಂಪನಾಡಾ ತಿನ್ನದೆ ಬರಬೇಡಿ. ಅಕ್ಕಿ ಹಿಟ್ಟಿನ ಕಿತ್ತಳೆ ಬಣ್ಣದ ಹಾಳೆಯೊಳಗೆ ಪಪ್ಪಾಯಿ ಕಾಯಿಯ ತುರಿ, ಹೆಸರುಕಾಳು, ಮೊಟ್ಟೆ, ಹಂದಿಮಾಂಸದ ಸಾಸೇಜ್ ತುಂಬಿ ಎಣ್ಣೆಗೆ ಬಿಡ್ತಾರೆ. ಕಣ್ಣೆದುರೇ ಮಾಡೋದರಿಂದ ಮಾಂಸ ಬೇಡ ಅಂದರೆ ಬಿಡ್ತಾರೆ. ಕಬ್ಬಿನ ವಿನೆಗರ್‌ನಲ್ಲಿ ಅದ್ದಿಯೇ ತಿನ್ನಬೇಕು.

ಇನ್ನೊಂದು ದಿನ ಉತ್ತರಕ್ಕೆ ಹೋದೆ. ಬುರ್ಗೋಸ್‌ನಲ್ಲಿ 1892ರಲ್ಲಿ ಬೆಳಗಿದ ಬೊಹೆಯಾದೋರ್ ದೀಪಸ್ತಂಭ ಇದೆ, ಅದೂ ಇಟ್ಟಿಗೆಯದ್ದೇ. ಮುಂದೆ ಬಾಂಗುಯಿ ಕಡಲ ದಂಡೆಯಲ್ಲಿ ಗಾಳಿಯಂತ್ರಗಳ ಸಾಲು, 2005ರಿಂದ ಕರೆಂಟು ಕೊಡುತ್ತಿವೆ. ದೀಪಸ್ತಂಭ ಹೆದ್ದಾರಿಯಿಂದ ಮೇಲೆ ಗುಡ್ಡದಲ್ಲಿದೆ. ಟ್ರೈಸಿಕಲ್‌ನವರ ಹತ್ತಿರ ಹೋಗಿ ಬರುವ ಬಾಡಿಗೆ ಮೊದಲೇ ಮಾತಾಡಿ, ಅಲ್ಲೇ ಕಾಯಲು ಹೇಳಿ.