ಕಡಲ ಬಂಡೆಗೆ ಎಂಥ ಗಾಳದ ಕೋಲು?

ಮಂಡ್ಯದ ಕೆರೆಗಳಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ರೋಹು, ಕಾಟ್ಲಾ ಹಿಡಿದು ಪಳಗಿದ ಕೈ ನನ್ನದು. ಕೆರೆಗೆ ಒಯ್ಯುತ್ತಿದ್ದ ಆರೂವರೆ ಅಡಿಯ ಕೋಲನ್ನೇ ಹಿಡಿದು ಕಾಪುವಿನ ದೀಪಸ್ತಂಭದ ಬಳಿಯ ಬಂಡೆಗಳ ಮೇಲೆ ನಿಂತೆ. ದಾರ ದೂರ ಹೋಗಲೆಂದು ಕಟ್ಟಿದ್ದ ಸೀಸದ ಗುಂಡು ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಕೋಲನ್ನು ಮೇಲೆತ್ತಿ ಜಗ್ಗಿದೆ. ತುದಿ ಮುರಿದು ದಾರಕ್ಕೆ ಜೋತುಬಿತ್ತು. ನಮ್ಮ ಕಡೆಯಿಂದ ಕರಾವಳಿಗೆ ಗಾಳ ಹಿಡಿದು ಹೊರಡುವವರಿಗೆ ಆ ನಷ್ಟ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರದ ಗುಣ ತಿಳಿಯಿರಿ. ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ. ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ಹಿಗ್ಗುವುದೇ ಇಲ್ಲ ಎನ್ನಬಹುದು. ತೆಳ್ಳಗಿದ್ದೂ ಬಲವಾಗಿರುತ್ತದೆ, ಮೀನು ಮುಟ್ಟಿದ್ದು ಆ ಕ್ಷಣವೇ ಕೈಗೆ ತಿಳಿಯುತ್ತದೆ. ಆದರೆ ಜಗ್ಗಿದ ಪೆಟ್ಟೆಲ್ಲ ನೇರ ಕೋಲಿಗೇ ಬೀಳುತ್ತದೆ. ದಾರ ಕೊಡದ ಸಡಿಲವನ್ನು ಕೋಲು ಕೊಡಬೇಕು.

ಹಾಗಾಗಿ ಅಂಗಡಿಯಲ್ಲಿ ಮೊದಲು ಬಾಗು ನೋಡಿ. ಕೋಲಿನುದ್ದಕ್ಕೂ ಇರುವ ರಿಂಗುಗಳೊಳಗೆ ದಾರ ಪೋಣಿಸಿ, ದಾರದ ತುದಿಯನ್ನು ಜೊತೆಗಾರರ ಕೈಗೆ ಕೊಟ್ಟು ಮೆಲ್ಲಗೆ ಎಳೆಯಿರಿ. ಕೋಲಿನ ತುದಿ ಮೆತ್ತಗೆ ಬಾಗಿ, ಭಾರ ಹೆಚ್ಚಿದಂತೆ ಬಾಗು ನಡುವಿಗೆ ಇಳಿಯಬೇಕು. ಬುಡ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ಬಂಡೆಯ ಸಂದಿಗೆ ನುಗ್ಗುವ ಮುರು ಮೀನನ್ನು ತಡೆದು ಎತ್ತುವುದು ಆ ಬುಡದ ಬಲವೇ. ಬರೀ ಕಾರ್ಬನ್ನಿನ ಬಿರುಸು ಕೋಲು ಹಗುರ ನಿಜ, ಆದರೆ ಬಂಡೆಗೆ ತಾಗಿ ಗೀರು ಬಿದ್ದರೆ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಗ್ಲಾಸ್ ಫೈಬರ್ ಬೆರೆಸಿದ್ದು ತುಸು ಭಾರವಾದರೂ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ಉದ್ದ 10 ಅಡಿಯ ಆಸುಪಾಸಿರಲಿ. ಕೋಲು ಉದ್ದವಿದ್ದಷ್ಟೂ ದಾರ ಕಾಲಡಿಯ ಬಂಡೆಯ ಅಂಚಿನಿಂದ ದೂರ ನಿಲ್ಲುತ್ತದೆ. ಬಿಗಿಯಾಗಿರುವ ಬ್ರೇಡ್ ಬಂಡೆಗೆ ಉಜ್ಜಿದರೆ ಬಹು ಬೇಗ ಹರಿಯುತ್ತದೆ. ಬ್ರೇಡ್‌ನ ತುದಿಗೆ ನಾಲ್ಕೈದು ಅಡಿ ಉದ್ದದ ದಪ್ಪ ನೈಲಾನ್ ದಾರ ಕಟ್ಟುವುದೂ ಇದಕ್ಕೇ.

ಹಿಡಿಯ ಮೇಲ್ಗಡೆ ಕೋಲಿನ ಮೇಲೆ ಗ್ರಾಂ ಅಥವಾ ಔನ್ಸ್‌ನಲ್ಲಿ ಎಸೆತದ ತೂಕ, ಅಂದರೆ ಆ ಕೋಲಿನಿಂದ ಎಸೆಯಬಹುದಾದ ಭಾರ, ಬರೆದಿರುತ್ತದೆ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. 80 ಗ್ರಾಂ ಸೀಸ ಎಸೆಯುವವರು 100 ಗ್ರಾಂ ದಾಟಿ ತಾಳುವ ಕೋಲು ಕೊಳ್ಳಿ.

ಇನ್ನು ರಿಂಗುಗಳು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ರೇಡ್ ದಾರ ಮೆದು ಲೋಹದ ರಿಂಗನ್ನು ಗರಗಸದಂತೆ ಕೊರೆಯುತ್ತದೆ. ಕೊರೆದ ಕಚ್ಚು ಆಮೇಲೆ ದಾರವನ್ನೇ ಕತ್ತರಿಸುತ್ತದೆ. ಒಳಬಳೆ ಗಟ್ಟಿ ಸೆರಾಮಿಕ್ ಆಗಿರಬೇಕು, ಸಿಲಿಕಾನ್ ಕಾರ್ಬೈಡ್ ಆದರೆ ಬಹಳ ಒಳ್ಳೆಯದು. ಚೌಕಟ್ಟು ತುದಿಯ ಕಡೆಗೆ ವಾಲಿರುವ ರಿಂಗುಗಳಿಗೆ ಸಡಿಲ ದಾರ ಸುತ್ತಿಕೊಳ್ಳುವುದು ಕಡಿಮೆ. ಒಂದು ತುಣುಕು ಹತ್ತಿಯನ್ನು ಪ್ರತಿ ರಿಂಗಿನೊಳಗೂ ತಿರುಗಿಸಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಆ ಕೋಲು ಬೇಡ. ಬೆಲೆ ಕಡಿಮೆ ಮಾಡುತ್ತೇವೆಂದರೂ ಬೇಡ. ಕೊಂಡ ಮೇಲೂ ಪ್ರತಿ ಪ್ರಯಾಣಕ್ಕೆ ಮೊದಲು ಈ ಪರೀಕ್ಷೆ ಮಾಡಿ.

ಎರಡು ತುಂಡಿನ ಕೋಲೇ ಸಾಕು. 10 ಅಡಿಯದ್ದು ಐದೈದು ಅಡಿಯಾಗಿ ಪಿವಿಸಿ ಪೈಪಿನೊಳಗೆ ಕೂರುತ್ತದೆ. ಮೈಸೂರಿನಿಂದ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವ ಬಸ್ಸಿನಲ್ಲಿ ಆ ಪೈಪನ್ನು ಸೀಟಿನ ಪಕ್ಕ ನಿಲ್ಲಿಸಿಕೊಳ್ಳಬಹುದು.

ಸೀಸ ಸಿಕ್ಕಿಕೊಂಡರೆ ಕೋಲಿನಿಂದ ಜಗ್ಗಬೇಡಿ. ಕೋಲನ್ನು ದಾರದ ನೇರಕ್ಕೆ ಚಾಚಿ, ದಾರವನ್ನು ಒಂದು ಮರದ ತುಂಡಿಗೆ ನಾಲ್ಕು ಸುತ್ತು ಸುತ್ತಿ, ಆ ತುಂಡು ಹಿಡಿದು ಹಿಂದಕ್ಕೆ ಸರಿಯಿರಿ. ಬರಿಗೈಗೆ ಸುತ್ತಿಕೊಂಡರೆ ಬ್ರೇಡ್ ಚರ್ಮ ಸೀಳುತ್ತದೆ. ಮಳೆಗಾಲದ ಕಡಲು ಉಬ್ಬಿರುವಾಗ ಬಂಡೆ ಹತ್ತಲೇಬೇಡಿ. ಮನೆಗೆ ಬಂದ ಕೂಡಲೇ ರಿಂಗು, ರೀಲು ಕೂರಿಸುವ ತಿರುಪು ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.